ಕತ್ತಿನಲ್ಲೊಂದು ಗಂಟು

ವಿಕಿರಣಪಟುತ್ವದ ಪಾಠವನ್ನು ಹೇಳುವಾಗ ವಿದ್ಯಾರ್ಥಿಗಳನ್ನು ನಾವು ಒಂದು ಪ್ರಶ್ನೆ ಕೇಳುವುದುಂಟು: ‘ಈ ಚೂರಿನಲ್ಲಿರುವ ಒಂದು ಪರಮಾಣುವನ್ನು ಆರಿಸಿಕೊಳ್ಳಿರಿ, ಅದು ಇನ್ನೆಷ್ಟು ಹೊತ್ತು ಉಳಿದೀತು?’ ಯಾರೂ ಉತ್ತರ ಹೇಳಲಾರರು. ಏಕೆಂದರೆ ಉತ್ತರವೇ ಇಲ್ಲ. ಕೋಟ್ಯಂತರ ಪರಮಾಣುಗಳಲ್ಲಿ ಅರ್ಧದಷ್ಟು ಇಂತಿಷ್ಟು ಕಾಲದಲ್ಲಿ ಕ್ಷಯಿಸುತ್ತವೆಂದು ಕರಾರುವಾಕ್ಕಾಗಿ ಹೇಳಬಹುದು. ಆ ಕಾಲಕ್ಕೆ ಅರ್ಧಾಯು ಎಂದು ಹೆಸರು. ಆದರೆ ಆರಿಸಿಕೊಂಡ ಆ ಒಂದರ ಗತಿ ಏನೆಂಬುದನ್ನು ನಿಸರ್ಗವು ನಮಗೆ ತಿಳಿಸುವುದಿಲ್ಲ. ಈ ಪಾಠವನ್ನು ಹತ್ತು ವರ್ಷ ಹೇಳಿದ ಮೇಲೆ, 2023ರಲ್ಲಿ, ನಾವೇ ಅದನ್ನು ಹೊಸದಾಗಿ ಕಲಿಯಬೇಕಾಗಿ ಬಂದಿತು. ಈ ಸಲ ಕರಿಹಲಗೆಯ ಸ್ಥಾನದಲ್ಲಿದ್ದುದು ನಮ್ಮ ಶರೀರವೇ.

ಆ ವರ್ಷದ ಜನವರಿಯಲ್ಲಿ ಒಂದು ಬೆಳಗ್ಗೆ ಕ್ಷೌರ ಮಾಡಿಕೊಳ್ಳುತ್ತಿದ್ದಾಗ, ಎಡಗಡೆಯ ಕೊರಳೆಲುಬಿನ ಮೇಲೆ ಗೋಲಿಯಷ್ಟು ಗಾತ್ರದ ಗಂಟೊಂದು ಬೆರಳಿಗೆ ತಗುಲಿತು. ಒತ್ತಿದರೆ ನೋವಿಲ್ಲ, ರಬ್ಬರಿನ ಚೆಂಡಿನಂತೆ ತುಸು ಮೆತ್ತಗೆ, ತುಸು ಗಟ್ಟಿ. ನೋವಿಲ್ಲದ ಮೇಲೆ ಚಿಂತೆಯೇಕೆಂದು ಆರು ವಾರ ಸುಮ್ಮನಿದ್ದೆವು. ನೋವೇ ರೋಗದ ಅಳತೆಗೋಲು ಎಂಬ ಈ ನಂಬಿಕೆ ಎಷ್ಟು ಜನಪ್ರಿಯವೋ ಅಷ್ಟೇ ತಪ್ಪಾದುದು. ಅದನ್ನು ನಂಬಿದವರು ಭೌತಶಾಸ್ತ್ರದ ಉಪನ್ಯಾಸಕರೆಂಬುದನ್ನು ಇಲ್ಲಿ ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕಾಗಿದೆ.

ಗಂಟು ಎಂದರೇನು?

ನಮ್ಮ ಸೂಕ್ಷ್ಮ ರಕ್ತನಾಳಗಳಿಂದ ಸದಾ ಸ್ವಲ್ಪ ದ್ರವವು ಸುತ್ತಲಿನ ಅಂಗಾಂಶಗಳಿಗೆ ಒಸರುತ್ತಿರುತ್ತದೆ. ಅದನ್ನು ಒಟ್ಟುಗೂಡಿಸಿ ಮತ್ತೆ ರಕ್ತಕ್ಕೆ ಸೇರಿಸಲು ಶರೀರದಲ್ಲಿ ಕಾಲುವೆಗಳ ಜಾಲವೊಂದುಂಟು. ಅದರಲ್ಲಿ ಹರಿಯುವುದೇ ದುಗ್ಧರಸ. ಈ ಕಾಲುವೆಗಳ ದಾರಿಯಲ್ಲಿ ಅಲ್ಲಲ್ಲಿ ಸುಂಕದ ಕಟ್ಟೆಗಳಂತೆ ದುಗ್ಧಗ್ರಂಥಿಗಳು ಕುಳಿತಿವೆ. ಕತ್ತು, ಕಂಕುಳು, ತೊಡೆಸಂದು, ಎದೆ, ಹೊಟ್ಟೆ ಎಲ್ಲವನ್ನೂ ಲೆಕ್ಕ ಹಾಕಿದರೆ ಇವು ಸುಮಾರು 600 ಆಗುತ್ತವೆ. ಲಿಂಫೊಸೈಟುಗಳೆಂಬ ಬಿಳಿಯ ರಕ್ತಕಣಗಳು ಇಲ್ಲಿ ಕಾವಲಿದ್ದು, ಹರಿದು ಬಂದ ಸೂಕ್ಷ್ಮಜೀವಿಗಳನ್ನು ತಡೆಯುತ್ತವೆ. ಗಂಟಲು ಕೆಟ್ಟಾಗ ದವಡೆಯ ಕೆಳಗೆ ಗ್ರಂಥಿ ಊದಿಕೊಳ್ಳುವುದು ಈ ಕಾವಲಿನ ಕುರುಹು. ಅಂತಹ ಊತ ಸಾಮಾನ್ಯವಾಗಿ ನೋಯುತ್ತದೆ, ಎರಡು ಮೂರು ವಾರಗಳಲ್ಲಿ ಇಳಿಯುತ್ತದೆ.

ಕೆಲವೊಮ್ಮೆ ಕಾವಲಿನ ಕೋಶವೊಂದೇ ಕಟ್ಟು ತಪ್ಪುತ್ತದೆ. ಅದು ಸಾಯಬೇಕಾದ ಕಾಲಕ್ಕೆ ಸಾಯದೆ, ನಿಲ್ಲಬೇಕಾದಲ್ಲಿ ನಿಲ್ಲದೆ, ಒಡೆದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತ ಹೋಗುತ್ತದೆ. ಹೀಗೆ ದುಗ್ಧಗ್ರಂಥಿಗಳಲ್ಲಿ ಉಂಟಾಗುವ ಕ್ಯಾನ್ಸರಿಗೆ ಲಿಂಫೋಮ ಎಂದು ಹೆಸರು. ಇದರಲ್ಲಿ ಹತ್ತಾರು ಬಗೆಗಳಿವೆ. ಅವುಗಳಲ್ಲಿ ಒಂದನ್ನು 1832ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಹಾಜ್ಕಿನ್ ಎಂಬ ವೈದ್ಯರು ವರ್ಣಿಸಿದರು. 1865ರಲ್ಲಿ ಸ್ಯಾಮ್ಯುಯೆಲ್ ವಿಲ್ಕ್ಸ್ ಎಂಬವರು ಆ ರೋಗಕ್ಕೆ ಹಾಜ್ಕಿನರ ಹೆಸರನ್ನೇ ಇಟ್ಟರು. ನಮ್ಮ ಕತ್ತಿನಲ್ಲಿ ಬೆಳೆಯುತ್ತಿದ್ದುದು ಇದೇ. ಆದರೆ ಈ ಹೆಸರು ನಮಗೆ ತಿಳಿಯುವ ಹೊತ್ತಿಗೆ ಮೇ ತಿಂಗಳಾಗಿತ್ತು.

ಊಹೆ ಮತ್ತು ಪರೀಕ್ಷೆ

ಫೆಬ್ರವರಿಯ ಕೊನೆಗೆ ಸಂಜೆಯ ಹೊತ್ತು ಸಣ್ಣ ಜ್ವರ ಬರತೊಡಗಿತು. ರಾತ್ರಿ ಎದ್ದು ಅಂಗಿ ಬದಲಿಸಬೇಕಾಗುವಷ್ಟು ಬೆವರುತ್ತಿದ್ದೆವು. ಊರಿನ ವೈದ್ಯರು ಗಂಟಿಗೆ ಸೂಜಿ ಚುಚ್ಚಿ ಕೆಲವು ಕೋಶಗಳನ್ನು ಹೀರಿ ಪರೀಕ್ಷೆಗೆ ಕಳುಹಿಸಿದರು. ನಿಶ್ಚಿತವಾದ ಉತ್ತರ ಬರಲಿಲ್ಲ. ‘ಇದು ಗ್ರಂಥಿಯ ಕ್ಷಯವಿರಬೇಕು’ ಎಂದು ಹೇಳಿ ಕ್ಷಯರೋಗದ ಮಾತ್ರೆಗಳನ್ನು ಆರಂಭಿಸಿದರು. ಎರಡು ತಿಂಗಳು ಅವನ್ನು ನುಂಗಿದೆವು. ಗಂಟು ಕರಗಲಿಲ್ಲ, ಅದರ ಪಕ್ಕದಲ್ಲಿ ಇನ್ನೆರಡು ಎದ್ದವು. 72 ಕಿಲೋಗ್ರಾಮಿದ್ದ ದೇಹತೂಕ 64ಕ್ಕೆ ಇಳಿಯಿತು.

ಆ ವೈದ್ಯರನ್ನು ದೂರುವುದು ನಮ್ಮ ಉದ್ದೇಶವಲ್ಲ. ನಮ್ಮ ದೇಶದಲ್ಲಿ ಕತ್ತಿನ ಗಂಟಿಗೆ ಕ್ಷಯವು ಲಿಂಫೋಮಕ್ಕಿಂತ ಹೆಚ್ಚು ಸಾಮಾನ್ಯವಾದ ಕಾರಣ. ಸಂಜೆಯ ಜ್ವರ, ರಾತ್ರಿಯ ಬೆವರು, ತೂಕದ ಇಳಿತ, ಈ ಮೂರೂ ಎರಡು ರೋಗಗಳಿಗೂ ಸಮಾನ. ಹೀಗಿರುವಾಗ ಊಹೆ ಅಸಂಬದ್ಧವಾಗಿರಲಿಲ್ಲ. ಕೊರತೆಯಾದುದು ಊಹೆಯನ್ನು ಪರೀಕ್ಷೆಗೆ ಒಡ್ಡುವ ಕೆಲಸದಲ್ಲಿ. ‘ಇದಕ್ಕೆ ಪುರಾವೆ ಏನು?’ ಎಂದು ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳನ್ನು ದಿನವೂ ಕೇಳುವ ನಾವು, ವೈದ್ಯರ ಮುಂದೆ ಆ ಪ್ರಶ್ನೆಯನ್ನು ಎತ್ತಲೇ ಇಲ್ಲ.

ಮೇ ತಿಂಗಳಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರು ಇಡೀ ಗ್ರಂಥಿಯೊಂದನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರು. ಸೂಜಿಗೆ ಸಿಗದ ಉತ್ತರ ಇದಕ್ಕೆ ಸಿಕ್ಕಿದುದೇಕೆ? ಹಾಜ್ಕಿನ್ ರೋಗದ ಒಂದು ವೈಚಿತ್ರ್ಯವೆಂದರೆ, ಗಂಟಿನಲ್ಲಿರುವ ಬಹುಪಾಲು ಕೋಶಗಳು ಕ್ಯಾನ್ಸರಿನವಲ್ಲ. ನಿಜವಾದ ರೋಗಕೋಶಗಳು ಸಾಮಾನ್ಯವಾಗಿ ನೂರಕ್ಕೆ ಒಂದರಷ್ಟು ಮಾತ್ರ; ಉಳಿದವು ಅವುಗಳ ಸುತ್ತ ನೆರೆದ ನಿರಪರಾಧಿ ಕೋಶಗಳು. ಒಂದು ಮೂಟೆ ಅಕ್ಕಿಯಲ್ಲಿ ಅಲ್ಲೊಂದು ಇಲ್ಲೊಂದು ಕಲ್ಲಿದ್ದರೆ, ಚಿಟಿಕೆ ಅಕ್ಕಿಯನ್ನು ನೋಡಿ ಕಲ್ಲಿಲ್ಲವೆಂದು ತೀರ್ಮಾನಿಸಲಾದೀತೇ? ಸೂಜಿಯು ತರುವುದು ಚಿಟಿಕೆಯಷ್ಟು. ಅದೂ ಅಲ್ಲದೆ, ಯಾವ ಕೋಶ ಯಾವುದರ ಪಕ್ಕದಲ್ಲಿತ್ತು ಎಂಬ ವಿನ್ಯಾಸವು ಸೂಜಿಯ ಎಳೆತದಲ್ಲಿ ಅಳಿಸಿಹೋಗುತ್ತದೆ.

ತೆಗೆದ ಗ್ರಂಥಿಯನ್ನು ಮೇಣದಲ್ಲಿ ಕೂರಿಸಿ, ಮಿಲಿಮೀಟರಿನ ಸಾವಿರದ ಕೆಲವು ಪಾಲಿನಷ್ಟು ತೆಳುವಾಗಿ ಸೀಳಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರು. ವೈದ್ಯರು ನಮ್ಮ ಕುತೂಹಲವನ್ನು ಕಂಡು ಅದನ್ನು ತೋರಿಸಿದರು. ಚಿಕ್ಕ ಚಿಕ್ಕ ಕೋಶಗಳ ಸಂತೆಯ ನಡುವೆ ಒಂದು ದೊಡ್ಡ ಕೋಶವಿತ್ತು. ಅದಕ್ಕೆ ಒಂದಲ್ಲ, ಎರಡು ಕೋಶಕೇಂದ್ರಗಳು. ಎರಡರೊಳಗೂ ಒಂದೊಂದು ಕಪ್ಪು ಬೊಟ್ಟು. ಕತ್ತಲಲ್ಲಿ ಗೂಬೆ ನಮ್ಮನ್ನು ದಿಟ್ಟಿಸಿ ನೋಡಿದಂತೆ! 1898ರಲ್ಲಿ ಕಾರ್ಲ್ ಸ್ಟರ್ನ್‌ಬರ್ಗ್, 1902ರಲ್ಲಿ ಡಾರತಿ ರೀಡ್ ಎಂಬ ವಿಜ್ಞಾನಿಗಳು ವಿವರಿಸಿದ ಈ ಕೋಶಕ್ಕೆ ರೀಡ್–ಸ್ಟರ್ನ್‌ಬರ್ಗ್ ಕೋಶವೆಂದು ಹೆಸರು. ಅದರ ಮೈಮೇಲಿನ ಸಿಡಿ-30 ಎಂಬ ಪ್ರೋಟೀನನ್ನು ಬಣ್ಣಗೊಳಿಸುವ ಪರೀಕ್ಷೆಯೂ ಇದನ್ನೇ ದೃಢಪಡಿಸಿತು. ಭಯವಾಯಿತೆಂಬುದು ನಿಜ. ಆದರೆ ನಾಲ್ಕು ತಿಂಗಳು ಹೆಸರಿಲ್ಲದಿದ್ದ ಶತ್ರುವಿಗೆ ಹೆಸರು ದೊರೆತುದರಿಂದ ಒಂದು ಬಗೆಯ ನೆಮ್ಮದಿಯೂ ಆಯಿತು.

ಪಾಸಿಟ್ರಾನಿನ ಸಾಕ್ಷ್ಯ

ರೋಗವು ಎಲ್ಲೆಲ್ಲಿ ಹರಡಿದೆಯೆಂದು ತಿಳಿಯುವುದು ಮುಂದಿನ ಕೆಲಸ. ಇದಕ್ಕಾಗಿ ನಡೆಸುವ ಪೆಟ್ ಚಿತ್ರಣದ ವಿಧಾನವು ಭೌತಶಾಸ್ತ್ರದ ವಿದ್ಯಾರ್ಥಿಗಳು ಗಮನಿಸತಕ್ಕದ್ದು.

ಬಹುಪಾಲು ಕ್ಯಾನ್ಸರ್ ಕೋಶಗಳು ನೆರೆಯ ಕೋಶಗಳಿಗಿಂತ ಹೆಚ್ಚು ಸಕ್ಕರೆಯನ್ನು ಹೀರುತ್ತವೆ. ಇದನ್ನು 1920ರ ದಶಕದಲ್ಲಿ ಜರ್ಮನಿಯ ಆಟೋ ವಾರ್ಬರ್ಗ್ ಗುರುತಿಸಿದ್ದರು. ಗ್ಲೂಕೋಸಿನಂತಹ ಒಂದು ಅಣುವಿಗೆ ವಿಕಿರಣಪಟು ಫ್ಲೋರಿನ್-18ನ್ನು ಜೋಡಿಸಿ ರಕ್ತಕ್ಕೆ ಸೇರಿಸಿದರೆ, ಹಸಿದ ಕೋಶಗಳು ಅದನ್ನು ನುಂಗಿ ತಮ್ಮ ನೆಲೆಯನ್ನು ತಾವೇ ಹೊರಗೆಡಹುತ್ತವೆ. ಫ್ಲೋರಿನ್-18 ಕ್ಷಯಿಸುವಾಗ ಪಾಸಿಟ್ರಾನ್ ಹೊಮ್ಮುತ್ತದೆ. ಇದು ಎಲೆಕ್ಟ್ರಾನಿನ ಪ್ರತಿಕಣ; ಡಿರಾಕರ ಸಮೀಕರಣಗಳಲ್ಲಿ ಮೊದಲು ಸುಳಿದು, 1932ರಲ್ಲಿ ಕಾರ್ಲ್ ಆಂಡರ್ಸನ್ನರ ಪ್ರಯೋಗದಲ್ಲಿ ವಿಶ್ವಕಿರಣಗಳ ನಡುವೆ ಕಾಣಿಸಿಕೊಂಡಿತು. ಪಾಸಿಟ್ರಾನು ಒಂದೆರಡು ಮಿಲಿಮೀಟರ್ ಚಲಿಸುವುದರೊಳಗೆ ಎಲೆಕ್ಟ್ರಾನೊಂದನ್ನು ಸಂಧಿಸುತ್ತದೆ. ಎರಡೂ ಮಾಯವಾಗಿ, ತಲಾ 5,11,000 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎರಡು ಗಾಮಾ ಕಿರಣಗಳು ಪರಸ್ಪರ ವಿರುದ್ಧ ದಿಕ್ಕುಗಳಿಗೆ ಹಾರುತ್ತವೆ. ರೋಗಿಯ ಸುತ್ತ ಉಂಗುರದಂತೆ ಕುಳಿತ ಗ್ರಾಹಕಗಳು ಈ ಜೋಡಿಯನ್ನು ಏಕಕಾಲದಲ್ಲಿ ಹಿಡಿದಾಗ, ಅವುಗಳ ಉಗಮವು ಆ ಸರಳರೇಖೆಯ ಮೇಲೆಯೇ ಇರಬೇಕೆಂದು ತಿಳಿಯುತ್ತದೆ. ಇಂತಹ ಲಕ್ಷಾಂತರ ರೇಖೆಗಳು ಹಾಯುವ ಸ್ಥಳಗಳನ್ನು ಗಣಿಸಿದಾಗ ಚಿತ್ರ ಮೂಡುತ್ತದೆ. ಐನ್‌ಸ್ಟೈನರ ದ್ರವ್ಯ–ಶಕ್ತಿ ಸಮೀಕರಣವು ನಮ್ಮ ಕತ್ತಿನೊಳಗೆ ಪ್ರತಿಕ್ಷಣವೂ ನಿಜವಾಗುತ್ತಿದೆಯೆಂದು ಆ ಯಂತ್ರದ ಮೇಲೆ ಮಲಗಿ ಯೋಚಿಸಿದೆವು. ಅದು ಕೆಲವು ನಿಮಿಷಗಳ ಮಟ್ಟಿಗಾದರೂ ಭಯವನ್ನು ಮರೆಸಿತು.

ಫ್ಲೋರಿನ್-18ರ ಅರ್ಧಾಯು ಸುಮಾರು 110 ನಿಮಿಷ. ಬೆಳಗ್ಗೆ ಆರು ಗಂಟೆಗೆ ಸೈಕ್ಲೊಟ್ರಾನಿನಲ್ಲಿ ತಯಾರಾದುದು ಹನ್ನೊಂದೂವರೆಗೆ ಎಂಟನೆಯ ಒಂದು ಪಾಲಿಗೆ ಇಳಿದಿರುತ್ತದೆ. ನಮಗೆ ಚುಚ್ಚುಮದ್ದು ಕೊಟ್ಟುದು ಹತ್ತು ಗಂಟೆಗೆ. ಆ ದಿನ ಚಿಕ್ಕ ಮಕ್ಕಳನ್ನೂ ಗರ್ಭಿಣಿಯರನ್ನೂ ಸಮೀಪಿಸಬಾರದೆಂದು ತಾಕೀತು ಮಾಡಿದ್ದರು. ಮನೆಯಲ್ಲಿ ನಾಲ್ಕು ವರ್ಷದ ಮಗಳು. ರಾತ್ರಿಯ ರೈಲು ಹಿಡಿದು ಬೆಳಗ್ಗೆ ಆರಕ್ಕೆ ಶಿವಮೊಗ್ಗೆಯಲ್ಲಿಳಿಯುವ ಹೊತ್ತಿಗೆ ಸುಮಾರು ಹನ್ನೊಂದು ಅರ್ಧಾಯುಗಳು ಕಳೆದಿದ್ದು, ಎರಡು ಸಾವಿರದಲ್ಲಿ ಒಂದು ಪಾಲು ಮಾತ್ರ ಉಳಿದಿರುತ್ತದೆಂದು ಲೆಕ್ಕ ಹಾಕಿ, ಮಗುವನ್ನು ಎತ್ತಿಕೊಳ್ಳಬಹುದೆಂದು ನಿಶ್ಚಯಿಸಿದೆವು. ಇದನ್ನು ದೂರವಾಣಿಯಲ್ಲಿ ತಾಯಿಗೆ ವಿವರಿಸಹೊರಟಾಗ, ಆಕೆಯ ಕಿವಿಗೆ ಬಿದ್ದುದು ‘ಅರ್ಧಾಯು’ ಎಂಬ ಒಂದೇ ಮಾತು. ‘ಬಿಡ್ತು ಅನ್ನು! ಅದೇನು ಅಪಶಕುನದ ಮಾತು, ಪೂರ್ಣಾಯು ಎನ್ನಬಾರದೇ?’ ಎಂದು ಗದರಿದಳು. ನಾವು ಬಿಡ್ತು ಎಂದೆವು.

ಚಿತ್ರದಲ್ಲಿ ಕತ್ತೂ ಎದೆಯ ನಡುವಣ ಗ್ರಂಥಿಗಳೂ ಬೆಳಗಿದ್ದವು. ಮಿದುಳೂ ಬೆಳಗಿತ್ತು, ಆದರೆ ಮಿದುಳಿಗೆ ಸಹಜವಾಗಿಯೇ ಸಕ್ಕರೆ ಹೆಚ್ಚು ಬೇಕಾದುದರಿಂದ ಅದು ರೋಗದ ಗುರುತಲ್ಲ. ವಪೆಯ ಕೆಳಗೆ ಏನೂ ಇರಲಿಲ್ಲ. ಆದುದರಿಂದ ರೋಗವು ಎರಡನೆಯ ಹಂತದಲ್ಲಿದೆಯೆಂದೂ, ಜ್ವರ, ಬೆವರು, ತೂಕದ ಇಳಿತಗಳಿರುವುದರಿಂದ ಚಿಕಿತ್ಸೆ ಪೂರ್ಣ ಪ್ರಮಾಣದಲ್ಲಿ ನಡೆಯಬೇಕೆಂದೂ ವೈದ್ಯರು ತಿಳಿಸಿದರು.

ನಾಲ್ಕು ಔಷಧಿಗಳು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಸಂಶೋಧಕರು ರಣವಿಷಗಳನ್ನು ಪರಿಶೀಲಿಸುತ್ತಿದ್ದಾಗ, ಸಾಸಿವೆ ಅನಿಲದ ಸಂಬಂಧಿಯಾದ ನೈಟ್ರೊಜನ್ ಮಸ್ಟರ್ಡ್ ಲಿಂಫೊಸೈಟುಗಳನ್ನು ನಾಶಮಾಡುವುದನ್ನು ಕಂಡರು. 1942ರಲ್ಲಿ ಅದನ್ನು ಲಿಂಫೋಮ ಪೀಡಿತನೊಬ್ಬನಿಗೆ ಕೊಟ್ಟಾಗ ಗಂಟುಗಳು ಕರಗಿದವು. ಆದರೆ ಅವು ಮತ್ತೆ ಬೆಳೆದವು. ಒಂದೇ ಔಷಧಿ ಸಾಲದು, ಹಲವನ್ನು ಕೂಡಿಸಬೇಕೆಂಬ ತಿಳಿವು 1960ರ ದಶಕದಲ್ಲಿ ಬಂದಿತು. ಇಟಲಿಯ ಮಿಲಾನಿನಲ್ಲಿ ಜಾನ್ನಿ ಬೊನಡೊನ್ನ ಮತ್ತು ಸಂಗಡಿಗರು 1970ರ ದಶಕದಲ್ಲಿ ರೂಪಿಸಿದ ನಾಲ್ಕು ಔಷಧಿಗಳ ಕೂಟವೇ ನಮಗೂ ದೊರೆತುದು. ಮೊದಲಕ್ಷರಗಳಿಂದ ಅದನ್ನು ಎಬಿವಿಡಿ ಎನ್ನುತ್ತಾರೆ.

ಮೊದಲನೆಯದಾದ ಏಡ್ರಿಯಮೈಸಿನ್ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಬಂದುದು. ಏಡ್ರಿಯಾಟಿಕ್ ಸಮುದ್ರದ ಹೆಸರನ್ನು ಹೊತ್ತ ಈ ದ್ರವ ಕೆಂಪು ಬಣ್ಣದ್ದು. ಎರಡನೆಯದು ಬ್ಲಿಯೊಮೈಸಿನ್, ಜಪಾನಿನ ಹಮಾವೊ ಉಮೆಜಾವರ ಕೊಡುಗೆ. ಮೂರನೆಯದಾದ ವಿನ್‌ಬ್ಲಾಸ್ಟಿನ್ನಿನ ಮೂಲ ನಮ್ಮ ಅಂಗಳದಲ್ಲೇ ಇತ್ತು! ದೇವರ ಪೂಜೆಗೆ ತಾಯಿ ದಿನವೂ ಕೊಯ್ಯುವ ನಿತ್ಯಪುಷ್ಪ, ಅಂದರೆ ಕಾಶಿಕಣಗಿಲೆಯ ಎಲೆಗಳಿಂದ 1950ರ ದಶಕದ ಕೊನೆಗೆ ಕೆನಡದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಇದನ್ನು ಬೇರ್ಪಡಿಸಿದರು. ಹಾಗೆಂದು ಎಲೆಯನ್ನು ಅಗಿದರೆ ರೋಗ ಗುಣವಾಗದು, ವಿಷವೇರೀತು. ನಾಲ್ಕನೆಯದಾದ ಡಕಾರ್ಬಜಿನ್ ಬೆಳಕಿಗೆ ಕೆಡುವುದರಿಂದ ಅದರ ಚೀಲಕ್ಕೆ ಮುಸುಕು ಹಾಕಿರುತ್ತಾರೆ. ವಿನ್‌ಬ್ಲಾಸ್ಟಿನ್ ಕೋಶವು ಎರಡಾಗುವುದನ್ನು ತಡೆಯುತ್ತದೆ. ಉಳಿದವು ಬೇರೆ ಬೇರೆ ರೀತಿಯಲ್ಲಿ ಡಿಎನ್‌ಎಯನ್ನು ಕೆಡಿಸುತ್ತವೆ.

ಪ್ರಮಾಣವನ್ನು ಶರೀರದ ಮೇಲ್ಮೈ ವಿಸ್ತಾರದಿಂದ ಗೊತ್ತುಮಾಡುತ್ತಾರೆ. 170 ಸೆಂಟಿಮೀಟರ್ ಎತ್ತರ, 64 ಕಿಲೋಗ್ರಾಂ ತೂಕದ ನಮ್ಮ ವಿಸ್ತಾರ 1.74 ಚದರ ಮೀಟರ್. ಏಡ್ರಿಯಮೈಸಿನ್ ಚದರ ಮೀಟರಿಗೆ 25 ಮಿಲಿಗ್ರಾಂ. ಹನ್ನೆರಡು ಸರದಿಗೆ ಒಟ್ಟು 300. ಇದು 450ನ್ನು ಮೀರಿದಂತೆ ಹೃದಯಕ್ಕೆ ಅಪಾಯ ಹೆಚ್ಚುವುದರಿಂದ ಜೀವಮಾನದ ಲೆಕ್ಕವನ್ನು ಬರೆದಿಡುತ್ತಾರೆ. ಜೂನಿನಿಂದ ನವೆಂಬರಿನವರೆಗೆ, ಎರಡು ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿ ಬಂದೆವು. ಕೂದಲು ಉದುರಿತು, ಬಾಯಿ ಹುಣ್ಣಾಯಿತು, ಬಿಳಿಯ ರಕ್ತಕಣಗಳು ಕುಗ್ಗಿ ಎರಡು ಸಲ ಜ್ವರ ಬಂದಿತು. ಈ ಔಷಧಿಗಳಿಗೆ ರೋಗಕೋಶ, ಆರೋಗ್ಯಕೋಶಗಳೆಂಬ ಭೇದ ತಿಳಿಯದು. ವೇಗವಾಗಿ ಒಡೆಯುವ ಕೋಶಗಳೆಲ್ಲ ಅವಕ್ಕೆ ಒಂದೇ. ಕೂದಲಿನ ಬೇರೂ ಅಸ್ಥಿಮಜ್ಜೆಯೂ ಪೆಟ್ಟು ತಿನ್ನುವುದು ಇದರಿಂದಲೇ. ಅವು ಚೇತರಿಸಿಕೊಳ್ಳಲಿ ಎಂದೇ ಎರಡು ವಾರಗಳ ಬಿಡುವು.

ಕಾಣದ ಶೇಷ

ಮೂರನೆಯ ಸರದಿಯ ಹೊತ್ತಿಗೆ ಕತ್ತಿನ ಗಂಟು ಕೈಗೆ ಸಿಗದಾಯಿತು. ಪಕ್ಕದ ಕುರ್ಚಿಯಲ್ಲಿ ಅದೇ ಔಷಧಿ ಪಡೆಯುತ್ತಿದ್ದ, ಪದವಿ ತರಗತಿಯ ಒಬ್ಬ ವಿದ್ಯಾರ್ಥಿಗೂ ಹಾಗೆಯೇ ಆಗಿತ್ತು. ‘ಗಂಟೇ ಹೋದ ಮೇಲೆ ಇನ್ನೂ ಒಂಬತ್ತು ಸಲ ಏಕೆ, ಸಾರ್?’ ಎಂದು ಅವನು ಕೇಳಿದ. ಅವನ ಕಡತದ ಬೆನ್ನಿನ ಮೇಲೆಯೇ ನಾವು ಲೆಕ್ಕ ಬರೆದು ತೋರಿಸಿದೆವು.

ಒಂದು ಗ್ರಾಂ ತೂಕದ ಗಂಟಿನಲ್ಲಿ ಸುಮಾರು 100 ಕೋಟಿ ಕೋಶಗಳಿರುತ್ತವೆ. 1964ರಲ್ಲಿ ಅಮೆರಿಕದ ಹೋವರ್ಡ್ ಸ್ಕಿಪ್ಪರ್ ಮತ್ತು ಸಂಗಡಿಗರು ಇಲಿಗಳ ರಕ್ತಕ್ಯಾನ್ಸರಿನಲ್ಲಿ ಒಂದು ನಿಯಮವನ್ನು ಕಂಡರು. ಔಷಧಿಯ ಒಂದು ಸರದಿಯು ಕೊಲ್ಲುವುದು ಇಂತಿಷ್ಟು ಸಂಖ್ಯೆಯ ಕೋಶಗಳನ್ನಲ್ಲ, ಇದ್ದವುಗಳಲ್ಲಿ ಇಂತಿಷ್ಟು ಪಾಲನ್ನು. ಇದು ವಿಕಿರಣ ಕ್ಷಯದ ನಿಯಮದ ತಮ್ಮನೇ ಸರಿ! ಪ್ರತಿಸಲವೂ ಹತ್ತರಲ್ಲಿ ಒಂಬತ್ತು ಸಾಯುತ್ತವೆಂದು ಇಟ್ಟುಕೊಳ್ಳೋಣ. 100 ಕೋಟಿ ಮೊದಲ ಸಲ 10 ಕೋಟಿಯಾಗುತ್ತದೆ. ಎರಡನೆಯ ಸಲ 1 ಕೋಟಿ. ಈಗ ಅದರ ತೂಕ 10 ಮಿಲಿಗ್ರಾಂ, ಅಂದರೆ ಅಕ್ಕಿನುಚ್ಚಿನಷ್ಟು. ಬೆರಳಿಗೆ ಸಿಗದು; ಆದರೂ ಒಂದು ಕೋಟಿ ಉಳಿದಿವೆ! ಒಂದೇ ಒಂದು ಕೋಶಕ್ಕೆ ಇಳಿಸಲು ಒಂಬತ್ತು ಸರದಿ ಬೇಕು. ನಡುವೆ ಉಳಿದವು ಬೆಳೆಯುತ್ತಲೂ ಇರುವುದರಿಂದ ಇನ್ನೂ ಹೆಚ್ಚು ಬೇಕಾಗುತ್ತದೆ. ಮನುಷ್ಯರ ರೋಗ ಈ ಲೆಕ್ಕದಷ್ಟು ಸರಳವಲ್ಲ. ಎಷ್ಟು ಸರದಿ ಬೇಕೆಂಬುದು ಸಾವಿರಾರು ರೋಗಿಗಳ ಮೇಲಿನ ಅಧ್ಯಯನಗಳಿಂದ ನಿರ್ಧಾರವಾದುದು. ಆದರೆ ಕಾಣದಾಗುವುದು ಬೇರೆ, ಇಲ್ಲವಾಗುವುದು ಬೇರೆ ಎಂಬ ತಿರುಳು ಮಾತ್ರ ಸತ್ಯ.

ಹುಡುಗ ತಲೆಯಾಡಿಸಿದ. ಮುಂದಿನ ಸರದಿಗೆ ಅವನು ಬರಲಿಲ್ಲ. ಪರೀಕ್ಷೆಯೂ ಪ್ರಯಾಣದ ಖರ್ಚೂ ಅಡ್ಡಿಯಾದವೆಂದು ಆಮೇಲೆ ತಿಳಿಯಿತು.

ನಾಲ್ಕು ಸರದಿಗಳ ನಂತರ, ಆಗಸ್ಟಿನಲ್ಲಿ, ಮತ್ತೊಮ್ಮೆ ಪೆಟ್ ಚಿತ್ರ ತೆಗೆದರು. ಎಲ್ಲಿಯೂ ರೋಗದ ಬೆಳಕಿಲ್ಲ. ಈ ಘಟ್ಟದಲ್ಲಿ ಚಿತ್ರ ಶುಭ್ರವಾಗಿದ್ದವರಿಗೆ ಶ್ವಾಸಕೋಶವನ್ನು ಬಾಧಿಸಬಹುದಾದ ಬ್ಲಿಯೊಮೈಸಿನನ್ನು ಬಿಟ್ಟುಬಿಡಬಹುದೆಂದು, 1,200ಕ್ಕೂ ಹೆಚ್ಚು ರೋಗಿಗಳನ್ನು ಸೇರಿಸಿಕೊಂಡು ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ತೋರಿಸಿತ್ತು. ಆ ಪ್ರಕಾರ ನಮಗೆ ಮುಂದಿನ ಎಂಟು ಸರದಿಗಳು ಮೂರೇ ಔಷಧಿಗಳಿಂದ ನಡೆದವು. ಆದರೂ ಏಳನೆಯ ಸರದಿ ಮುಗಿದ ಮೇಲೆ ಮನಸ್ಸು ಸೋತಿತು. ಆಸ್ಪತ್ರೆಯ ಬೀದಿಗೆ ಆಟೋ ತಿರುಗಿದೊಡನೆಯೇ ವಾಕರಿಕೆ ಬರುತ್ತಿತ್ತು. ಕೆಂಪು ಸಿರಿಂಜು ಕಂಡರೆ ಬೆವರುತ್ತಿದ್ದೆವು. ಚಿತ್ರವೇ ಶುಭ್ರವಾಗಿದೆಯಲ್ಲ, ಇನ್ನು ಸಾಕು ಎಂದು ಎಂಟನೆಯ ಸರದಿಗೆ ಹೊರಡದೆ ಒಂದು ಸಂಜೆ ಕುಳಿತೇಬಿಟ್ಟೆವು. ನಿಯಮವನ್ನು ಬಲ್ಲುದು ಬೇರೆ, ಅದಕ್ಕೆ ತಲೆಬಾಗುವುದು ಬೇರೆ ಎಂದು ಆಗ ತಿಳಿಯಿತು. ಕಡೆಗೆ ನಮ್ಮನ್ನು ರೈಲು ಹತ್ತಿಸಿದುದು ಧೈರ್ಯವಲ್ಲ. ಆ ಹುಡುಗನ ಕಡತದ ಬೆನ್ನಿನ ಮೇಲೆ ನಮ್ಮ ಕೈಯಿಂದಲೇ ಬರೆದ ಲೆಕ್ಕ ನೆನಪಾಗಿ, ಅದನ್ನು ಸುಳ್ಳೆನ್ನಲು ನಾಲಗೆ ಏಳಲಿಲ್ಲ.

ಅಕ್ಟೋಬರಿನಲ್ಲಿ ಹುಡುಗನನ್ನು ಮತ್ತೆ ಅಲ್ಲಿಯೇ ಕಂಡೆವು. ಗಂಟು ಮರಳಿತ್ತು. ಇನ್ನು ಹೆಚ್ಚು ತೀವ್ರವಾದ ಔಷಧಿ, ಆಮೇಲೆ ಅವನ ರಕ್ತದಿಂದಲೇ ಸಂಗ್ರಹಿಸಿದ ಮೂಲಕೋಶಗಳನ್ನು ಹಿಂದಿರುಗಿಸುವ ದೀರ್ಘ ಚಿಕಿತ್ಸೆ ಆಗಬೇಕಾಗಿತ್ತು. ‘ಲೆಕ್ಕ ಸರಿಯಾಗಿಯೇ ಇತ್ತು, ಸಾರ್’ ಎಂದ. ನಮಗೆ ಸರಿಯೆನಿಸಿಕೊಂಡುದಕ್ಕೆ ಸಂತೋಷವಾಗಲಿಲ್ಲ. ಅಂದು ಲೆಕ್ಕದೊಡನೆ ರೈಲಿನ ಖರ್ಚನ್ನೂ ವಿಚಾರಿಸಿದ್ದರೆ ಎಂಬ ಕೊರಗು ಇಂದಿಗೂ ಇದೆ.

ಗುಂಪು ಮತ್ತು ಒಬ್ಬ

ಚಿಕಿತ್ಸೆ ಮುಗಿದು ಎರಡು ವರ್ಷಗಳು ಸಂದಿವೆ. ಈವರೆಗೆ ರೋಗ ಮರಳಿಲ್ಲ. ಕ್ರಮವಾಗಿ ಪೂರ್ಣ ಚಿಕಿತ್ಸೆ ಪಡೆದ ನಮ್ಮಂತಹವರು ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿ ಗುಣಹೊಂದುತ್ತಾರೆಂದು ವೈದ್ಯರು ಮೊದಲ ದಿನವೇ ಹೇಳಿದ್ದರು. ‘ಆ ಎಂಬತ್ತರಲ್ಲಿ ನಾವಿದ್ದೇವೆಯೇ?’ ಎಂದು ಕೇಳಲು ಬಾಯಿ ತೆರೆದವರು, ಸುಮ್ಮನಾದೆವು. ಒಂದು ಪರಮಾಣುವಿನ ಆಯುಷ್ಯವನ್ನು ಕೇಳಬಾರದೆಂದು ಪಾಠ ಹೇಳುವವರಲ್ಲವೇ ನಾವು!

ಆದರೆ ಮನುಷ್ಯನು ಪರಮಾಣುವಲ್ಲ. ಹೋಲಿಕೆ ಇಲ್ಲಿ ಮುರಿಯುತ್ತದೆ. ಪರಮಾಣುವಿಗೆ ಗತಕಾಲದ ನೆನಪಿಲ್ಲ. ನೂರು ವರ್ಷ ಉಳಿದುದಕ್ಕೂ ಮುಂದಿನ ಗಳಿಗೆಯ ಅಪಾಯ ಮೊದಲಿನಷ್ಟೇ. ಈ ರೋಗ ಮರಳುವುದಿದ್ದರೆ ಹೆಚ್ಚಾಗಿ ಮೊದಲ ಎರಡು ಮೂರು ವರ್ಷಗಳಲ್ಲಿ ಮರಳುತ್ತದೆ. ದಾಟಿದ ಪ್ರತಿವರ್ಷವೂ ಮುಂದಿನ ವರ್ಷವನ್ನು ಹೆಚ್ಚು ಭದ್ರಗೊಳಿಸುತ್ತದೆ. ಮೇಲಾಗಿ, ಪರಮಾಣುವು ತನ್ನ ಕ್ಷಯಕ್ಕೆ ಏನನ್ನೂ ಮಾಡಲಾರದು. ರೋಗಿಯು ಮಾಡಬಲ್ಲ ಕೆಲಸಗಳಿವೆ. ನೋವಿಲ್ಲವೆಂದು ಸುಮ್ಮನಿರದೆ, ಮೂರು ವಾರಕ್ಕೂ ಇಳಿಯದ ಗಂಟನ್ನು ವೈದ್ಯರಿಗೆ ತೋರಿಸಬಹುದು. ಅಂತಹ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲವೆಂಬುದನ್ನೂ ನೆನಪಿನಲ್ಲಿಡಬೇಕು. ಔಷಧಿಗೆ ಮೊದಲು ಪುರಾವೆ ಏನೆಂದು ವಿನಯದಿಂದ ಕೇಳಬಹುದು. ಆರಂಭಿಸಿದ ಚಿಕಿತ್ಸೆಯನ್ನು ಕೊನೆಯ ಸರದಿಯವರೆಗೆ ನಡೆಸಬಹುದು. ಗೆಳೆಯನಿಗೆ ಕಾಯಿಲೆಯಾದರೆ, ಅವನ ರೈಲಿನ ಖರ್ಚನ್ನು ವಿಚಾರಿಸಬಹುದು.

ಈ ವರ್ಷವೂ ವಿಕಿರಣಪಟುತ್ವದ ಪಾಠವನ್ನು ಹೇಳಿದೆವು. ಪ್ರಶ್ನೆಯೂ ಅದೇ, ಉತ್ತರವೂ ಅದೇ. ಮನೆಯಲ್ಲಿ ಮಾತ್ರ ಆ ಪದವನ್ನು ತಾಯಿಗೆ ಕೇಳಿಸುವಂತೆ ಉಚ್ಚರಿಸುವುದಿಲ್ಲ.